ಬೇಲಿ ದಾಟಿದ ಹೂಗಳು

ಹೂಗಿಡ ಬೆಳೆಸುವವರಿಗೆ ಒಂದು ಚಾಳಿ ಉಂಟು. ಬೀದಿಯಲ್ಲಿ ನಡೆಯುವಾಗ ಅವರು ಮನೆಗಳನ್ನು ನೋಡುವುದಿಲ್ಲ. ಮನೆಗಳ ಅಂಗಳವನ್ನು ನೋಡುತ್ತಾರೆ. ಯಾರ ಮನೆಯ ಗುಲಾಬಿ ಚಿಗುರಿದೆ, ಯಾರ ಮನೆಯ ಡೇಲಿಯಾ ತಟ್ಟೆಯಗಲ ಅರಳಿದೆ, ಯಾರು ಸೇವಂತಿಗೆಗೆ ಊರೆಗೋಲು ಕೊಡಲು ಮರೆತಿದ್ದಾರೆ ಎಂಬುದೆಲ್ಲ ಅವರಿಗೆ ಕಂಠಪಾಠ. ಮನೆಯ ಯಜಮಾನರ ಹೆಸರು ಮಾತ್ರ ಗೊತ್ತಿರುವುದಿಲ್ಲ. ನಾಲ್ಕು ದಿನ ಗೇಟಿನ ಬಳಿ ನಿಧಾನಿಸಿ, ಐದನೆಯ ದಿನ ಸಂಕೋಚ ಬಿಟ್ಟು ಕೇಳಿಯೇಬಿಡುತ್ತಾರೆ: “ಅಮ್ಮಾ, ಇದರದ್ದೊಂದು ಕಡ್ಡಿ ಕೊಡ್ತೀರಾ?”

ತನ್ನ ತೋಟದಲ್ಲಿ ದುಡಿಯುವ ಸುಖ ಒಂದು, ಪರರ ತೋಟವನ್ನು ನೋಡುವ ಸುಖ ಇನ್ನೊಂದು ಎಂದು ನಾವು ಸಾಮಾನ್ಯವಾಗಿ ತಿಳಿಯುತ್ತೇವೆ. ನನಗೇನೋ ಇವು ಎರಡಲ್ಲ, ಒಂದೇ ಎನ್ನಿಸಿದೆ. ನಮ್ಮ ಬೆಂಗಳೂರಿನ ಹೂದೋಟಗಳ ಚರಿತ್ರೆಯನ್ನು ತೆರೆದು ನೋಡಿದರೆ ಈ ಮಾತು ನಿಮಗೂ ಒಪ್ಪಿಗೆಯಾದೀತು. ಆ ಚರಿತ್ರೆ ಬಹುಮಟ್ಟಿಗೆ ಒಬ್ಬರು ಇನ್ನೊಬ್ಬರ ತೋಟಕ್ಕೆ ಹೋಗಿ, ಕೈಯಲ್ಲಿ ಏನನ್ನೋ ಹಿಡಿದುಕೊಂಡು ಮನೆಗೆ ಬಂದ ಕಥೆ.

ದೇವರ ತೋಟ, ದೊರೆಯ ತೋಟ

ಕನ್ನಡಿಗರಿಗೆ ಹೂವಿನ ಕೃಷಿ ಹೊಸದೇನೂ ಅಲ್ಲ. ಕ್ರಿ. ಶ. ೧೦೨೫ರ ಸುಮಾರಿನಲ್ಲಿ ಎರಡನೆಯ ಚಾವುಂಡರಾಯನು ಬರೆದ ‘ಲೋಕೋಪಕಾರ’ದಲ್ಲಿ, ಅಡುಗೆ, ಶಕುನ, ವೈದ್ಯಗಳ ಜೊತೆಗೆ ಗಿಡಮರಗಳ ಆರೈಕೆಗೂ ಒಂದು ಅಧ್ಯಾಯ ಮೀಸಲಾಗಿದೆ. ಸಾಮಾನ್ಯ ಗೃಹಸ್ಥನಿಗೆ ಬೇಕಾದ ತಿಳಿವಳಿಕೆಯ ಸಾಲಿನಲ್ಲಿ ವೃಕ್ಷಾಯುರ್ವೇದವೂ ಸೇರಿತ್ತೆಂಬುದು ಗಮನಿಸತಕ್ಕ ಸಂಗತಿ. ಮುಂದಿನ ಶತಮಾನದಲ್ಲಿ ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನು ತನ್ನ ‘ಮಾನಸೋಲ್ಲಾಸ’ದಲ್ಲಿ ಅರಸರ ವಿನೋದಗಳನ್ನು ಹೇಳುವಾಗ ವನಕ್ರೀಡೆಯನ್ನು ಮರೆಯಲಿಲ್ಲ. ಇನ್ನು ಶಾಸನಗಳ ಮಾತು ಕೇಳಬೇಕೆ? ದೇವರ ಪೂಜೆಗೆಂದು ಗದ್ದೆ, ಬೆದ್ದಲುಗಳ ಜೊತೆಗೆ ‘ಪೂದೋಂಟ’ವನ್ನೂ ಬಿಟ್ಟುಕೊಟ್ಟ ದಾನಿಗಳು ಕನ್ನಡ ನಾಡಿನ ಕಲ್ಲುಗಳ ಮೇಲೆ ಬೇಕಾದಷ್ಟು ಮಂದಿ ಸಿಗುತ್ತಾರೆ.

೧೪೪೩ರಲ್ಲಿ ವಿಜಯನಗರಕ್ಕೆ ಬಂದ ಪಾರಸಿ ದೇಶದ ರಾಯಭಾರಿ ಅಬ್ದುರ್ ರಜಾಕನಿಗೆ ಆ ಪಟ್ಟಣದಲ್ಲಿ ಗುಲಾಬಿಯ ಮಾರಾಟ ಕಂಡು ಬೆರಗಾಯಿತು. ಈ ಜನರಿಗೆ ಗುಲಾಬಿ ಇಲ್ಲದೆ ಬದುಕಿಲ್ಲ, ಅನ್ನದಷ್ಟೇ ಅದೂ ಅವರಿಗೆ ಅಗತ್ಯ ಎಂಬರ್ಥದ ಮಾತನ್ನು ಅವನು ಬರೆದಿಟ್ಟಿದ್ದಾನೆ. ಗುಲಾಬಿಯ ನಾಡಿನಿಂದ ಬಂದವನ ಬಾಯಲ್ಲಿ ಈ ಮಾತು ಬಂದಿತೆಂದರೆ ಅದು ಸಣ್ಣ ಹೊಗಳಿಕೆಯಲ್ಲ.

ಆದರೆ ಒಂದನ್ನು ಇಲ್ಲಿ ನೆನಪಿಡಬೇಕು. ಗ್ರಂಥಗಳಲ್ಲಿ, ಶಾಸನಗಳಲ್ಲಿ ಕಾಣುವ ದೊಡ್ಡ ಹೂದೋಟ ದೇವರದು ಅಥವಾ ದೊರೆಯದು. ಸಾಮಾನ್ಯರ ಪಾಲಿಗೆ ಇದ್ದದ್ದು ಹಿತ್ತಲು. ಬಚ್ಚಲ ನೀರು ಹರಿಯುವ ಕಡೆ ಒಂದು ಬಾಳೆ, ಬಾವಿಯ ಪಕ್ಕ ದಾಸವಾಳ, ಮೂಲೆಯಲ್ಲಿ ಪಾರಿಜಾತ, ಗೋಡೆಗೆ ಹಬ್ಬಿದ ಮಲ್ಲಿಗೆ. ಇದನ್ನು ಯಾರೂ ತೋಟವೆಂದು ಕರೆಯಲಿಲ್ಲ; ಯಾರೂ ನೋಡಲು ಬರಲೂ ಇಲ್ಲ.

ಲಾಲ್‌ಬಾಗಿನ ಬಾಗಿಲು

೧೭೬೦ರಲ್ಲಿ ಹೈದರಾಲಿ ಬೆಂಗಳೂರಿನ ಕೋಟೆಯ ಆಗ್ನೇಯಕ್ಕೆ ತೋಟವೊಂದನ್ನು ಹಾಕಿಸಲು ತೊಡಗಿದನು. ಅದೇ ಇಂದಿನ ಲಾಲ್‌ಬಾಗು. ಅವನ ಮಗ ಟಿಪ್ಪು ದೂರದೇಶಗಳಿಂದ ಬೀಜ, ಸಸಿಗಳನ್ನು ತರಿಸಿ ತೋಟವನ್ನು ಬೆಳೆಸಿದನು. ೧೭೮೮ರಲ್ಲಿ ಫ್ರಾನ್ಸಿನ ದೊರೆಯ ಬಳಿಗೆ ಹೋದ ಅವನ ರಾಯಭಾರಿಗಳು ಸೈನ್ಯದ ಸಹಾಯದ ಜೊತೆಗೆ ಹೂಗಿಡಗಳ ಬೀಜವನ್ನೂ ಕೇಳಿದರು. ರಾಜ್ಯವೇ ಅಲುಗಾಡುತ್ತಿದ್ದ ಕಾಲದಲ್ಲಿ ಹೂವಿನ ಬೀಜದ ಚಿಂತೆ! ತೋಟದ ಗೀಳು ಹಿಡಿದವರಿಗೆ ಇದು ಅರ್ಥವಾಗುತ್ತದೆ.

೧೮೦೦ರಲ್ಲಿ, ಟಿಪ್ಪು ಮಡಿದ ಮರುವರ್ಷ, ಫ್ರಾನ್ಸಿಸ್ ಬುಕಾನನ್ ಈ ತೋಟಗಳನ್ನು ನೋಡಲು ಬಂದನು. ಚೌಕ ಚೌಕವಾದ ಪಾತಿಗಳು, ನಡುವೆ ನಡೆದಾಡುವ ದಾರಿ, ದಾರಿಯ ಇಕ್ಕೆಲದಲ್ಲಿ ಸೊಗಸಾದ ಸೈಪ್ರೆಸ್ ಮರಗಳು ಅವನ ಕಣ್ಣಿಗೆ ಬಿದ್ದವು. ಒಂದೊಂದು ಜಾತಿಯ ಗಿಡಕ್ಕೆ ಒಂದೊಂದು ತುಂಡು ನೆಲ. ಒಂದು ಚೌಕದ ತುಂಬ ಬರಿಯ ಗುಲಾಬಿ, ಇನ್ನೊಂದರ ತುಂಬ ಬರಿಯ ದಾಳಿಂಬೆ. ನೋಡಲು ಬಂದ ಒಬ್ಬ ಅತಿಥಿ ಬರೆದಿಟ್ಟುದರಿಂದಲೇ ಆ ತೋಟದ ಚಿತ್ರ ಇಂದು ನಮಗೆ ಉಳಿದಿದೆ ಎಂಬುದನ್ನು ಮರೆಯಬಾರದು.

ಆಮೇಲೆ ಲಾಲ್‌ಬಾಗು ಹಲವು ಕೈ ಬದಲಾಯಿಸಿತು. ೧೮೫೬ರಲ್ಲಿ ಅದು ಸರ್ಕಾರಿ ಸಸ್ಯೋದ್ಯಾನವಾಯಿತು. ಲಂಡನ್ನಿನ ಕ್ಯೂ ಉದ್ಯಾನದಲ್ಲಿ ತರಬೇತಾದ ವಿಲಿಯಂ ನ್ಯೂ ೧೮೫೮ರಲ್ಲಿ ಅದರ ಮೇಲ್ವಿಚಾರಕನಾಗಿ ಬಂದನು. ೧೮೭೪ರಲ್ಲಿ ಬಂದ ಜಾನ್ ಕ್ಯಾಮರಾನ್ ೩೪ ವರ್ಷ ಇಲ್ಲಿ ದುಡಿದನು. ನಾವು ಪಲ್ಯ ಮಾಡಿ ತಿನ್ನುವ ಸೀಮೆಬದನೆಕಾಯಿಯನ್ನು ಇಲ್ಲಿ ನೆಲೆಗೊಳಿಸಿದ ಕೀರ್ತಿ ಅವನಿಗೆ ಸಲ್ಲುತ್ತದೆ. ತಮಿಳರು ಇಂದಿಗೂ ಅದನ್ನು ಬೆಂಗಳೂರು ಬದನೆ ಎಂದೇ ಕರೆಯುತ್ತಾರೆ. ಅವನ ಕಾಲದಲ್ಲಿಯೇ, ೧೮೮೯ರ ನವೆಂಬರ್ ೩೦ರಂದು, ರಾಜಕುಮಾರ ಆಲ್ಬರ್ಟ್ ವಿಕ್ಟರನು ಗಾಜಿನ ಮನೆಗೆ ಅಸ್ತಿಭಾರವಿಟ್ಟನು.

ಗಾಜಿನ ಮನೆಯೆಂದರೆ ಚಳಿದೇಶಗಳಲ್ಲಿ ಗಿಡಗಳನ್ನು ಬೆಚ್ಚಗಿಡುವ ಮನೆ. ಬೆಂಗಳೂರಿನ ಹವೆಗೆ ಅದರ ಅಗತ್ಯವೇ ಇರಲಿಲ್ಲ. ಇಲ್ಲಿ ಅದನ್ನು ಕಟ್ಟಿದ್ದು ಗಿಡಗಳನ್ನು ಕಾಪಾಡಲು ಅಲ್ಲ, ತೋರಿಸಲು. ಜನ ಬಂದು ನೋಡಲಿ ಎಂಬುದಕ್ಕಾಗಿಯೇ ಇಷ್ಟು ದೊಡ್ಡ ಮನೆಯೊಂದು ಎದ್ದು ನಿಂತಿತು. ದೊರೆಯ ತೋಟ ಪ್ರಜೆಯ ಕಡೆಗೆ ಮುಖ ತಿರುಗಿಸಿತು.

ಜರ್ಮನಿಯ ತೋಟಗಾರ

ಮುಖ ತಿರುಗಿಸಿದರೆ ಸಾಲದು, ಕೈ ನೀಡಬೇಕು. ಆ ಕೆಲಸ ಮಾಡಿದವರು ಕೃಂಬಿಗಲ್. ೧೮೬೫ರಲ್ಲಿ ಜರ್ಮನಿಯ ಡ್ರೆಸ್ಡೆನ್ ನಗರದ ಸಮೀಪದಲ್ಲಿ ಹುಟ್ಟಿದ ಇವರು ಕ್ಯೂ ಉದ್ಯಾನದಲ್ಲಿ ಕೆಲಸ ಮಾಡಿ, ೧೮೯೩ರಲ್ಲಿ ಬರೋಡೆಯ ಗಾಯಕವಾಡರ ಕರೆಯ ಮೇರೆಗೆ ಭಾರತಕ್ಕೆ ಬಂದರು. ೧೯೦೮ರಲ್ಲಿ ಮೈಸೂರು ಸಂಸ್ಥಾನದ ಸೇವೆಗೆ ಸೇರಿದರು. ಬೀದಿಯ ಮರಗಳನ್ನು ಆರಿಸುವಾಗ ಅವರು ಒಂದು ಜಾಣತನ ತೋರಿಸಿದರು. ಒಂದು ಜಾತಿ ಹೂ ಮುಗಿಸುವ ಹೊತ್ತಿಗೆ ಇನ್ನೊಂದು ಆರಂಭಿಸಬೇಕು. ವರ್ಷದಲ್ಲಿ ಯಾವ ತಿಂಗಳೂ ಊರು ಹೂವಿಲ್ಲದೆ ಇರಬಾರದು. ಬೆಂಗಳೂರಿನ ಬೀದಿಗಳಲ್ಲಿ ಸರದಿಯ ಮೇಲೆ ಬಣ್ಣ ಬದಲಾಗುವುದರ ಹಿಂದೆ ಈ ಲೆಕ್ಕಾಚಾರವಿದೆ.

ಜರ್ಮನಿಯೊಡನೆ ಯುದ್ಧ ನಡೆದಾಗ ಬ್ರಿಟಿಷರು ಅವರನ್ನು ಶತ್ರುದೇಶದವರೆಂದು ಬಂಧನದಲ್ಲಿಟ್ಟದ್ದೂ ಉಂಟು. ಬಿಡುಗಡೆಯಾಗಿ ಮತ್ತೆ ಗುದ್ದಲಿ ಹಿಡಿದರು. ೧೯೩೨ರಲ್ಲಿ ನಿವೃತ್ತರಾದರೂ ಈ ಊರನ್ನು ಬಿಡಲಿಲ್ಲ. ೧೯೫೬ರಲ್ಲಿ ಇಲ್ಲಿಯೇ ತೀರಿಕೊಂಡು ಹೊಸೂರು ರಸ್ತೆಯ ಸ್ಮಶಾನದಲ್ಲಿ ಮಣ್ಣಾದರು. ಲಾಲ್‌ಬಾಗಿನ ಪಕ್ಕದ ರಸ್ತೆಗೆ ಅವರ ಹೆಸರಿದೆ.

ನಮ್ಮ ಪ್ರಸಂಗಕ್ಕೆ ಮುಖ್ಯವಾದುದು ಅವರ ಕಾಲದಲ್ಲಿ, ೧೯೧೨ರಲ್ಲಿ, ಹುಟ್ಟಿದ ಮೈಸೂರು ಉದ್ಯಾನ ಕಲಾ ಸಂಘ. ಫಲಪುಷ್ಪ ಪ್ರದರ್ಶನಗಳು, ಮನೆತೋಟಗಳ ಸ್ಪರ್ಧೆಗಳು ಈ ಸಂಘದ ನೆರಳಿನಲ್ಲಿ ಬೆಳೆದವು. ಆ ಹೊತ್ತಿಗೆ ಊರೂ ಇದಕ್ಕೆ ಸಿದ್ಧವಾಗಿತ್ತು. ೧೮೯೬ರಲ್ಲಿ ಹೆಸರಘಟ್ಟದ ಕೆರೆಯ ನೀರು ಕೊಳಾಯಿಯಲ್ಲಿ ಬಂದಿತ್ತು. ೧೮೯೮ರ ಪ್ಲೇಗಿನ ಭೀತಿಯಿಂದ ಜನ ಇಕ್ಕಟ್ಟಾದ ಪೇಟೆಯನ್ನು ಬಿಟ್ಟು ಮಲ್ಲೇಶ್ವರ, ಬಸವನಗುಡಿಗಳಿಗೆ ಬರತೊಡಗಿದರು. ಪೇಟೆಯ ಮನೆಯಲ್ಲಿ ಜಗಲಿ ಇಳಿದರೆ ಬೀದಿ. ಬಡಾವಣೆಯ ಮನೆಗೆ ಬೀದಿಗೂ ಬಾಗಿಲಿಗೂ ನಡುವೆ ಒಂದಿಷ್ಟು ನೆಲ ಸಿಕ್ಕಿತು. ಆ ನೆಲಕ್ಕೆ ಏನು ಮಾಡಬೇಕು? ಉತ್ತರ ಲಾಲ್‌ಬಾಗಿನಲ್ಲಿ ಕಣ್ಣೆದುರಿಗೇ ಇತ್ತು.

ಮನೆಗೊಂದು, ತೋಟ ಎರಡು

ಹೀಗೆ ನಮ್ಮ ಮಧ್ಯಮ ವರ್ಗದ ಮನೆಗಳಲ್ಲಿ ಎರಡು ತೋಟಗಳಾದವು. ೧೯೫೦ರ ದಶಕದಲ್ಲಿ ನಾನು ಹುಡುಗನಾಗಿದ್ದಾಗ ನಮ್ಮ ಮನೆಯಲ್ಲಿಯೂ ಹಾಗೆಯೇ ಇತ್ತು. ಮುಂದಿನದು ತಂದೆಯವರದು: ಆಸ್ಟರ್, ಫ್ಲಾಕ್ಸ್, ಝಿನ್ನಿಯಾ, ಕುಂಡಗಳಲ್ಲಿ ಡೇಲಿಯಾ, ಕ್ರೋಟನ್. ಹೆಸರುಗಳನ್ನು ತಂದೆಯವರು ಇಂಗ್ಲಿಷಿನಲ್ಲಿ ಗಂಭೀರವಾಗಿ ಹೇಳುತ್ತಿದ್ದರು. ಹಿಂದಿನದು ತಾಯಿಯವರದು: ದಾಸವಾಳ, ನಂದಿಬಟ್ಟಲು, ಕನಕಾಂಬರ, ಸುಗಂಧರಾಜ, ಚೆಂಡುಹೂ, ತುಳಸಿ, ಜೊತೆಗೆ ಒಂದು ಪನ್ನೀರು ಗುಲಾಬಿ. ಮುಂದಿನ ತೋಟದ ಹೂವನ್ನು ಕೀಳುವಂತಿಲ್ಲ, ಅದು ನೋಡಲು. ಹಿಂದಿನ ತೋಟದ ಹೂವನ್ನು ಗಿಡದಲ್ಲಿ ಬಿಡುವಂತಿಲ್ಲ. ಬೆಳಕು ಹರಿಯುವ ಮುನ್ನ ಅದು ದೇವರಿಗೆ, ಮಿಕ್ಕದ್ದು ಮುಡಿಗೆ.

“ನಿಮ್ಮದು ಸೀಮೆಯ ಹೂವು, ವಾಸನೆಯೂ ಇಲ್ಲ, ಪೂಜೆಗೂ ಬರೋಲ್ಲ” ಎಂದು ತಾಯಿ ಹಂಗಿಸುತ್ತಿದ್ದರು. ತಂದೆ ನಕ್ಕು ಸುಮ್ಮನಾಗುತ್ತಿದ್ದರು. ತಾಯಿಯ ಹಿತ್ತಲೂ ಸೀಮೆಯದೇ ಎಂಬುದು ಪಾಪ ಇಬ್ಬರಿಗೂ ತಿಳಿದಿರಲಿಲ್ಲ.

ಸಸ್ಯಶಾಸ್ತ್ರಜ್ಞರನ್ನು ಕೇಳಿ. ನಾವು ಆಯುಧಪೂಜೆಗೆ ಮಾರುಗಟ್ಟಲೆ ಕಟ್ಟುವ ಚೆಂಡುಹೂವಿನ ತವರು ಮೆಕ್ಸಿಕೋ. ಮದುವೆಯ ಹಾರದ ಸುಗಂಧರಾಜದ ತವರೂ ಅದೇ. ದೇವಸ್ಥಾನದ ಅಂಗಳದಲ್ಲಿ ನಿಂತು, ಹೆಸರಿನಲ್ಲಿಯೇ ದೇವರನ್ನು ಹೊತ್ತಿರುವ ದೇವಕಣಗಿಲೆ ಅಮೆರಿಕ ಖಂಡದ್ದು. ಹಿತ್ತಲಲ್ಲಿ ತಾನೇ ತಾನಾಗಿ ಹುಟ್ಟುವ ಸಂಜೆಮಲ್ಲಿಗೆಯೂ ಅಲ್ಲಿಯದೇ. ನಿತ್ಯಪುಷ್ಪ ಮಡಗಾಸ್ಕರ್ ದ್ವೀಪದ್ದು. ಸೇವಂತಿಗೆ ಚೀನದ ಕೂಸು. ಅಬ್ದುರ್ ರಜಾಕನು ವಿಜಯನಗರದಲ್ಲಿ ನಡೆದಾಡಿದ ೧೪೪೩ರಲ್ಲಿ ಅಲ್ಲಿಯ ಯಾವ ದೇವರಿಗೂ ಚೆಂಡುಹೂವಿನ ಹಾರ ಬಿದ್ದಿರಲಾರದು. ಕೊಲಂಬಸನು ಹಡಗು ಹತ್ತಲು ಇನ್ನೂ ೪೯ ವರ್ಷ ಬಾಕಿ ಇತ್ತು. ಸಂಪಿಗೆ, ಪಾರಿಜಾತ, ಮಲ್ಲಿಗೆಗಳು ಈ ನಾಡಿನ ಹಳಬರು, ಸರಿ. ಮಿಕ್ಕವರು ಬಂದವರು. ಬಂದವರೆಂದು ನಮ್ಮ ದೇವರುಗಳು ಯಾರನ್ನೂ ಹೊರಗೆ ನಿಲ್ಲಿಸಲಿಲ್ಲ.

ಈ ಹೂಗಳೆಲ್ಲ ಹೇಗೆ ಹಿತ್ತಲಿಗೆ ಬಂದವು? ಸಮುದ್ರವನ್ನು ದಾಟಿಸಿದವರು ನಾವಿಕರು, ವ್ಯಾಪಾರಿಗಳು, ಪಾದ್ರಿಗಳು, ಸಸ್ಯಶಾಸ್ತ್ರಜ್ಞರು. ಅವರ ಪೈಕಿ ಕೆಲವರ ಹೆಸರು ಪುಸ್ತಕಗಳಲ್ಲಿದೆ. ಆದರೆ ಬಂದರಿನಿಂದ ಹಳ್ಳಿಗೆ, ಹಳ್ಳಿಯಿಂದ ಹಳ್ಳಿಗೆ, ಬೀದಿಯಿಂದ ಬೀದಿಗೆ ದಾಟಿಸಿದವರು ಯಾರು? ತವರಿನಿಂದ ಬರುವಾಗ ಸೆರಗಿನ ತುದಿಯಲ್ಲಿ ಬೀಜ ಕಟ್ಟಿಕೊಂಡು ಬಂದ ಹೆಣ್ಣುಮಕ್ಕಳು, ನೆಂಟರ ಮನೆಯಿಂದ ಒದ್ದೆ ಬಟ್ಟೆಯಲ್ಲಿ ಕಡ್ಡಿ ಸುತ್ತಿಕೊಂಡು ಬಂದ ಅಜ್ಜಿಯರು. ಮಲೆನಾಡಿನ ಮನೆಗಳಲ್ಲಿ ಇಂದಿಗೂ ಮಳೆಗಾಲ ಹಿಡಿಯುವ ಹೊತ್ತಿಗೆ ಡೇರೆಯ ಗೆಡ್ಡೆಗಳು ಕೈಯಿಂದ ಕೈಗೆ ಹೋಗುವುದನ್ನು ನೋಡಬಹುದು. ಡೇರೆ ಎಂದರೆ ಬೇರೆ ಯಾವುದೂ ಅಲ್ಲ, ಅದೇ ಡೇಲಿಯಾ. ಮೆಕ್ಸಿಕೋದಿಂದ ಯುರೋಪು ಸುತ್ತಿ ಬಂದು, ಹೆಂಗಸರ ನಾಲಗೆಯಲ್ಲಿ ಕನ್ನಡವಾದ ಹೂವು. ಇವರ ಹೆಸರು ಯಾವ ಸಸ್ಯಶಾಸ್ತ್ರದ ಪುಸ್ತಕದಲ್ಲಿಯೂ ಇಲ್ಲ.

ತೀರ್ಪುಗಾರರು ಬಂದರು

ಫಲಪುಷ್ಪ ಪ್ರದರ್ಶನದ ದಿನಗಳಲ್ಲಿ ಗಾಜಿನ ಮನೆಗೆ ಹೋಗುವುದೆಂದರೆ ನಮಗೆ ಜಾತ್ರೆ. ತಂದೆಯವರು ಒಂದೊಂದು ಕುಂಡದ ಮುಂದೆಯೂ ನಿಂತು ಹೆಸರು ಬರೆದುಕೊಳ್ಳುತ್ತಿದ್ದರು. ತಾಯಿಯವರ ಕಣ್ಣು ಬೇರೆ. ಅವರು ಗಿಡದ ಬುಡ ನೋಡುತ್ತಿದ್ದರು: ಮಣ್ಣು ಎಂಥದು, ಗೊಬ್ಬರ ಎಷ್ಟು, ಕಡ್ಡಿಯಿಂದ ಬಂದದ್ದೋ ಬೀಜದಿಂದ ಬಂದದ್ದೋ. ಅಲ್ಲಿಯ ಮಾಲಿಯೊಬ್ಬನನ್ನು ಮಾತಿಗೆಳೆದು, “ಕೊಟ್ಟಿಗೆ ಗೊಬ್ಬರಾನ ಹಸಿಯಾಗಿ ಹಾಕ್ಬೇಡಿ ಅಮ್ಮಾ, ಬೇರು ಸುಟ್ಟೋಗ್ತದೆ” ಎಂಬಂಥ ಗುಟ್ಟೊಂದನ್ನು ಕೇಳಿಕೊಂಡೇ ಹೊರಡುತ್ತಿದ್ದರು.

ಈ ಮಾಲಿಯ ಬಗ್ಗೆ ಒಂದು ಮಾತು ಹೇಳದೆ ಮುಂದೆ ಹೋದರೆ ತಪ್ಪಾದೀತು. ಬೆಂಗಳೂರಿನ ತೋಟಗಳ ಹೊಗಳಿಕೆಯಲ್ಲಿ ಸುಲ್ತಾನರ ಹೆಸರು ಬರುತ್ತದೆ, ಮೇಲ್ವಿಚಾರಕರ ಹೆಸರು ಬರುತ್ತದೆ, ಬಹುಮಾನ ಪಡೆದ ಬಂಗಲೆಯ ಯಜಮಾನರ ಹೆಸರು ಬರುತ್ತದೆ. ತಲೆಮಾರುಗಳಿಂದ ಹೂವು, ಹಣ್ಣು, ತರಕಾರಿ ಬೆಳೆದು ಈ ಊರಿಗೆ ಉಣಿಸಿ ಮುಡಿಸಿದ ತಿಗಳರ ಹೆಸರು, ದಿನಗೂಲಿಗೆ ಕುಂಡ ಹೊತ್ತ ಮಾಲಿಯ ಹೆಸರು ಬರುವುದು ಅಪರೂಪ. ಬೆಳ್ಳಿಯ ಬಟ್ಟಲು ಯಜಮಾನರ ಹಜಾರದಲ್ಲಿ ಹೊಳೆಯುತ್ತಿತ್ತು. ಆ ಡೇಲಿಯಾದ ಪಕ್ಕದ ಮೊಗ್ಗುಗಳನ್ನು ಚಿವುಟಿ ಒಂದೇ ಹೂವಿಗೆ ಶಕ್ತಿ ತುಂಬಿದ ಬೆರಳು ಮಾಲಿಯದಾಗಿತ್ತು.

ಮನೆತೋಟಗಳ ಸ್ಪರ್ಧೆ ಇನ್ನೊಂದು ಸಂಭ್ರಮ. ತೀರ್ಪುಗಾರರು ಮನೆ ಮನೆಗೆ ಬಂದು ಅಂಗಳ ನೋಡುತ್ತಿದ್ದರು. ಒಂದು ವರ್ಷ ತಂದೆಯವರೂ ಅರ್ಜಿ ಹಾಕಿದರು. ವಾರಗಟ್ಟಲೆ ನಾವು ಹುಡುಗರು ಒಣಗಿದ ಎಲೆ ಆರಿಸಿದೆವು, ಕುಂಡಗಳಿಗೆ ಕೆಮ್ಮಣ್ಣು ಬಳಿದೆವು, ಹುಲ್ಲಿನ ಅಂಚನ್ನು ಕತ್ತರಿಯಿಂದ ನೇರ ಮಾಡಿದೆವು. ತೀರ್ಪುಗಾರರು ಬಂದರು, ಹತ್ತು ನಿಮಿಷ ಆಸ್ಟರ್ ಸಾಲುಗಳ ನಡುವೆ ಓಡಾಡಿದರು, ಗುರುತು ಹಾಕಿಕೊಂಡರು. ಹೊರಡುವಾಗ ಅವರಲ್ಲಿ ವಯಸ್ಸಾದ ಒಬ್ಬರು ಕೈಕಾಲು ತೊಳೆಯಲೆಂದು ಹಿತ್ತಲಿಗೆ ಹೋದವರು ಅಲ್ಲಿಯೇ ನಿಂತುಬಿಟ್ಟರು. “ಈ ಪನ್ನೀರು ಗುಲಾಬಿ ಯಾರು ಹಾಕಿದ್ದು?” ಎಂದು ಕೇಳಿದರು. ತಾಯಿ ಬಾಗಿಲ ಮರೆಯಿಂದ ಹೇಳಿದರು: “ನಾನೇ. ನಮ್ಮ ತಾಯಿ ಮನೆಯಿಂದ ತಂದ ಕಡ್ಡಿ.”

ಬಹುಮಾನ ನಮಗೆ ಬರಲಿಲ್ಲ. ಮರುವಾರ ಆ ಹಿರಿಯರು ಮಾತ್ರ ಮತ್ತೆ ಬಂದರು. ಗುರುತು ಪುಸ್ತಕವಿಲ್ಲ, ಕೈಯಲ್ಲಿ ಒದ್ದೆ ಬಟ್ಟೆಯ ತುಂಡು. ತಾಯಿಯವರು ಪೆನ್ಸಿಲಿನ ದಪ್ಪದ ಎರಡು ಕಡ್ಡಿ ಕತ್ತರಿಸಿ ಕೊಟ್ಟರು. ಅಂದಿನಿಂದ ತಂದೆಯವರು ಹಿತ್ತಲನ್ನೂ ತೋಟವೆಂದೇ ಕರೆಯತೊಡಗಿದರು. ಹಿತ್ತಿಲ ಗಿಡ ಮದ್ದಲ್ಲ ಎಂಬ ಗಾದೆಗೆ ನಮ್ಮ ಮನೆಯಲ್ಲಿ ಬೆಲೆ ಇಲ್ಲದಂತಾಯಿತು.

ಕದ್ದು ತಂದ ಕಡ್ಡಿಯೇ ಚೆನ್ನಾಗಿ ಚಿಗುರುತ್ತದೆಂಬ ನಂಬಿಕೆಯೊಂದು ನಮ್ಮವರಲ್ಲಿದೆ. ಬೆಳಗಿನ ಜಾವ ಕೋಲಿಗೆ ಕೊಕ್ಕೆ ಕಟ್ಟಿಕೊಂಡು ಬೀದಿ ಸುತ್ತುವ ಪೂಜಾಪ್ರಿಯರಿಗೆ ಈ ನಂಬಿಕೆ ದೊಡ್ಡ ಸಮಾಧಾನ. ತಾಯಿಯವರು ಇದಕ್ಕೆ ಒಂದು ಉಪಾಯ ಹೂಡಿದ್ದರು. ಯಾರಾದರೂ ಕಡ್ಡಿ ಕೇಳಿದರೆ, “ನಾನು ಒಳಗೆ ಹೋಗ್ತೀನಿ, ನೀವು ಮುರ್ಕೊಂಡು ಹೋಗಿ; ಕದ್ದ ಹಾಗೂ ಆಯ್ತು, ಕೊಟ್ಟ ಹಾಗೂ ಆಯ್ತು” ಎನ್ನುತ್ತಿದ್ದರು.

ಗೇಟು ಮುಚ್ಚಿದ ಮೇಲೆ

ಆಮೇಲಿನ ಕಥೆ ಬೆಂಗಳೂರಿಗರಿಗೆ ತಿಳಿದದ್ದೇ. ೧೯೫೧ರಲ್ಲಿ ಲಾಲ್‌ಬಾಗಿನ ಹೊಣೆ ಹೊತ್ತ ಡಾ. ಎಂ. ಎಚ್. ಮರಿಗೌಡರು ತೋಟಗಾರಿಕೆಯನ್ನು ರಾಜ್ಯದ ಮೂಲೆ ಮೂಲೆಗೆ ಒಯ್ದರು. ೧೯೬೩ರಲ್ಲಿ ಅದಕ್ಕೆ ಪ್ರತ್ಯೇಕ ಇಲಾಖೆಯೇ ಆಯಿತು. ಲಾಲ್‌ಬಾಗು ಬೆಳೆದು ೨೪೦ ಎಕರೆಯಾಯಿತು. ಜನವರಿಯಲ್ಲಿ ಗಣರಾಜ್ಯೋತ್ಸವಕ್ಕೆ, ಆಗಸ್ಟಿನಲ್ಲಿ ಸ್ವಾತಂತ್ರ್ಯೋತ್ಸವಕ್ಕೆ ಇಂದಿಗೂ ಪ್ರದರ್ಶನ ನಡೆಯುತ್ತದೆ, ಜನಸಾಗರ ಸೇರುತ್ತದೆ. ಸರ್ಕಾರಿ ತೋಟ ಉಳಿಯಿತು. ಹೋದದ್ದು ಮನೆಯ ತೋಟ. ಮೊದಲು ಹಿತ್ತಲಿನಲ್ಲಿ ಬಾಡಿಗೆ ಮನೆ ಎದ್ದಿತು. ಆಮೇಲೆ ಮುಂದಿನ ಅಂಗಳಕ್ಕೆ ಕಾರು ಬಂದಿತು. ಕೊನೆಗೆ ಮನೆಯೇ ಹೋಗಿ ನಾಲ್ಕಂತಸ್ತಿನ ಕಟ್ಟಡವಾಯಿತು.

ನಮ್ಮ ಮನೆಗೂ ಅದೇ ಗತಿ. ಅಣ್ಣತಮ್ಮಂದಿರ ಪಾಲಾಗುವಾಗ ನೆಲಕ್ಕೆ ಬೆಲೆ ಕಟ್ಟಿದೆವು, ತೇಗದ ಬಾಗಿಲಿಗೂ ಬೆಲೆ ಕಟ್ಟಿದೆವು. ಹಿತ್ತಲ ಗುಲಾಬಿಯ ನೆನಪು ಯಾರಿಗೂ ಬರಲಿಲ್ಲ, ನನಗೂ ಬರಲಿಲ್ಲ. ನೆನಪಾಗಿ ಹೋಗಿ ನೋಡುವಷ್ಟರಲ್ಲಿ ಅಸ್ತಿಭಾರದ ಗುಂಡಿ ತೋಡಿಯಾಗಿತ್ತು. ತಾಯಿ ಆಗ ಇರಲಿಲ್ಲ. ಅವರ ತಾಯಿಯ ಮನೆಯ ಕಡ್ಡಿ, ಅದಕ್ಕೂ ಮುಂಚೆ ಇನ್ನಾರ ಮನೆಯದೋ, ನನ್ನ ಕಾಲಕ್ಕೆ ಕಡಿದುಹೋಯಿತಲ್ಲ ಎಂಬ ನೋವು ಬಹಳ ದಿನ ಕಾಡಿತು.

ಪನ್ನೀರು ಗುಲಾಬಿ ಇಂದು ಯಾವ ನರ್ಸರಿಯಲ್ಲಿ ಬೇಕಾದರೂ ಸಿಗುತ್ತದೆ ಎಂದು ನೀವು ಹೇಳಬಹುದು. ನಿಜ. ದುಡ್ಡಿಗೆ ಗಿಡ ಸಿಗದ ಕಾಲವಲ್ಲ ಇದು. ಮಹಡಿಯ ಮೇಲೆ, ಬಾಲ್ಕನಿಯ ಕಂಬಿಗೆ ತೂಗುಹಾಕಿ ಜನ ಎಷ್ಟು ಅಕ್ಕರೆಯಿಂದ ಹೂ ಬೆಳೆಸುತ್ತಾರೆಂಬುದನ್ನು ನಾನು ದಿನವೂ ನೋಡುತ್ತೇನೆ. ಸ್ಪರ್ಧೆಯಲ್ಲಿ ತಾರಸಿ ತೋಟಕ್ಕೂ ಈಗ ಬಹುಮಾನವಿದೆ. ಆದರೆ ಐದನೆಯ ಅಂತಸ್ತಿನ ಬಾಲ್ಕನಿಯ ಗಿಡವನ್ನು ಬೀದಿಯಲ್ಲಿ ಹೋಗುವವನು ನಿಂತು ನೋಡಲಾರ, ಕಡ್ಡಿ ಕೇಳಲಾರ. ಗೇಟಿನಲ್ಲಿ ಹೆಸರು ಬರೆದು, ಫೋನು ಮಾಡಿಸಿ, ಮೇಲೆ ಹೋಗಿ ಗುಲಾಬಿ ಕೇಳುವ ಧೈರ್ಯ ಯಾರಿಗಿದೆ? ಗಿಡ ಕಡಿಮೆಯಾದದ್ದಕ್ಕಿಂತ ಈ ಕೇಳುವ ಕೊಡುವ ದಾರಿ ಮುಚ್ಚಿಹೋದದ್ದೇ ದೊಡ್ಡ ನಷ್ಟವೆಂದು ನನಗೆ ತೋರುತ್ತದೆ.

ಕೆಲವು ವರ್ಷಗಳ ಹಿಂದೆ ಬಸವನಗುಡಿಯ ಅಡ್ಡರಸ್ತೆಯೊಂದರಲ್ಲಿ ನಡೆದು ಹೋಗುತ್ತಿದ್ದೆ. ಹಳೆಯ ಹೆಂಚಿನ ಮನೆ, ತಗ್ಗು ಗೋಡೆ, ಗೋಡೆಯಾಚೆ ಪನ್ನೀರು ಗುಲಾಬಿಯ ಪೊದೆ. ಅಭ್ಯಾಸಬಲದಿಂದ ನಿಂತೆ. ಒಳಗಿನಿಂದ ನಡುವಯಸ್ಸಿನ ಹೆಂಗಸೊಬ್ಬರು ಬಂದು, “ಯಾರು ಬೇಕಿತ್ತು?” ಎಂದರು. ಹೂ ನೋಡುತ್ತಿದ್ದೇನೆಂದೆ. “ಅದು ನಮ್ಮ ತಾತ ಹಾಕಿದ್ದು. ತೋಟಗಳ ಸ್ಪರ್ಧೆಗೆ ತೀರ್ಪುಗಾರರಾಗಿ ಹೋಗ್ತಿದ್ದರು, ಮಲ್ಲೇಶ್ವರದಲ್ಲಿ ಯಾರೋ ಒಬ್ಬ ಅಮ್ಮ ಕೊಟ್ಟ ಕಡ್ಡಿಯಂತೆ” ಎಂದರು.

ನನಗೆ ಮಾತು ಹೊರಡಲಿಲ್ಲ. ಆಕೆ ನನ್ನ ಮುಖ ನೋಡಿ, ಏನು ತಿಳಿದರೋ, ಒಳಗೆ ಹೋಗಿ ಕತ್ತರಿ ತಂದರು. ಪೆನ್ಸಿಲಿನ ದಪ್ಪದ ಎರಡು ಕಡ್ಡಿ ಕತ್ತರಿಸಿ, ಒದ್ದೆ ಬಟ್ಟೆಯಲ್ಲಿ ಸುತ್ತಿ ಕೊಟ್ಟರು. ಒಂದು ಒಣಗಿತು. ಇನ್ನೊಂದು ಚಿಗುರಿ ಈಗ ನಮ್ಮ ತಾರಸಿಯ ದೊಡ್ಡ ಕುಂಡದಲ್ಲಿದೆ. ಬೇಕಾದವರು ಬಂದು ಕೇಳಬಹುದು. ಕೊಡುವಾಗ ನಾನು ಒಳಗೆ ಹೋಗಿರುತ್ತೇನೆ.